ನಾಲ್ಕು ನರಕೋಶದ ರೋಬೋಟ್

ಕಳೆದ ಸೆಮಿಸ್ಟರ್ ನಮ್ಮ ಕಾಲೇಜಿನ ಪ್ರಾಜೆಕ್ಟ್ ಎಕ್ಸ್‌ಪೋಗೆ ನಾನೂ ನನ್ನ ರೂಮ್‌ಮೇಟೂ ಸೇರಿ ಒಂದು ಪುಟ್ಟ ರೋಬೋಟ್ ಮಾಡಿದ್ವಿ. ಎರಡು ಬಿಓ ಮೋಟರ್, ಮುಂದೊಂದು ಕ್ಯಾಸ್ಟರ್ ಚಕ್ರ, ಕಣ್ಣಿನ ಜಾಗದಲ್ಲಿ ಎರಡು ಎಲ್‌ಡಿಆರ್, ಮೇಲೊಂದು ಆರ್ಡುಯಿನೋ. ಎಲ್ಲಾ ಎಸ್.ಪಿ. ರೋಡಲ್ಲಿ ಚೌಕಾಸಿ ಮಾಡಿ ತಂದ ಸಾಮಾನು. ಪೋಸ್ಟರ್ ಮೇಲೆ ಮಾತ್ರ ದೊಡ್ಡ ಅಕ್ಷರದಲ್ಲಿ ‘ಮೆದುಳಿನಂತೆ ಯೋಚಿಸುವ ರೋಬೋಟ್’ ಅಂತ ಬರೆದಿದ್ವಿ. ಟಾರ್ಚ್ ಹಾಕಿದ್ರೆ ಅದು ಬೆಳಕಿನ ಹತ್ತಿರ ಬರಬೇಕಿತ್ತು. ಮೊದಲನೇ ಡೆಮೋದಲ್ಲೇ ಟಾರ್ಚ್ ನೋಡಿ ಬೆನ್ನು ತಿರುಗಿಸಿ ಓಡಿಹೋಗಿ ಪಕ್ಕದ ಟೇಬಲ್ಲಿನ ಕೆಳಗೆ ಸೇರಿಕೊಂಡಿತು. ನೋಡ್ತಾ ನಿಂತಿದ್ದ ಫಸ್ಟ್ ಇಯರ್ ಹುಡುಗಿ ಒಬ್ಬಳು “ಅಯ್ಯೋ ಪಾಪ, ಹೆದರಿಕೊಂಡಿದೆ” ಅಂದಳು.

ಆಮೇಲೆ ಜಡ್ಜ್ ಬಂದರು. ಕೋಡ್ ತೋರಿಸಿ ಅಂದರು. ಎರಡು ನಿಮಿಷ ಸ್ಕ್ರೋಲ್ ಮಾಡಿ ಕೇಳಿದರು: “ಇದರಲ್ಲಿ ಮೆದುಳು ಎಲ್ಲಪ್ಪಾ ಇದೆ? ನಾಲ್ಕು ಸಾಲು ಇಫ್-ಎಲ್ಸ್ ಬರೆದಿದ್ರೆ ಇದೇ ಕೆಲಸ ಆಗ್ತಿತ್ತಲ್ಲ?” ನಾನು ರೂಮ್‌ಮೇಟ್ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಅವರು ಬಯ್ಯಲಿಲ್ಲ, ನಕ್ಕು ಮುಂದಿನ ಟೇಬಲ್ಲಿಗೆ ಹೋದರು. ಬೈದಿದ್ರೇ ಚೆನ್ನಾಗಿತ್ತು ಅನ್ನಿಸ್ತು.

ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೀತಿರೋ ಉತ್ತರ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕಾಗುಣಿತ ತಪ್ಪಿದ್ರೆ ಸಂಪಾದಕರನ್ನ ಬಯ್ಯಿರಿ, ನನ್ನನ್ನ ಬೇಡ.

ಮೊದಲು ನಮ್ಮ ರೋಬೋಟ್ ಒಳಗೆ ಏನಿತ್ತು ಹೇಳ್ತೀನಿ. ನಾಲ್ಕು ನರಕೋಶ, ಅಂದರೆ ನ್ಯೂರಾನ್. ನಿಜವಾದವಲ್ಲ, ಕೋಡಿನಲ್ಲಿ ಬರೆದವು. ಇದನ್ನ ಅರ್ಥ ಮಾಡ್ಕೊಳ್ಳೋಕೆ ಹಾಸ್ಟೆಲ್ ಬಾತ್‌ರೂಮಿನ ತಳ ತೂತಾದ ಬಕೆಟ್ ನೆನಪಿಸಿಕೊಳ್ಳಿ. ಮೇಲಿಂದ ನಲ್ಲಿ ನೀರು ಬೀಳ್ತಾ ಇದೆ, ಕೆಳಗಿಂದ ಸೋರ್ತಾ ಇದೆ. ನಲ್ಲಿ ಸಣ್ಣಗೆ ಬಿಟ್ರೆ ಬಕೆಟ್ ಯಾವತ್ತೂ ತುಂಬಲ್ಲ. ಜೋರಾಗಿ ಬಿಟ್ರೆ ತುಂಬತ್ತೆ. ಈಗ ಆ ಬಕೆಟ್ಟಿಗೆ ಒಂದು ವಿಚಿತ್ರ ಗುಣ ಇದೆ ಅಂದ್ಕೊಳ್ಳಿ: ಕಂಠದ ತನಕ ತುಂಬಿದ ತಕ್ಷಣ ತಾನೇ ಮಗುಚಿ ಪೂರ್ತಿ ಖಾಲಿಯಾಗತ್ತೆ, ಮಗುಚುವಾಗ ‘ಟಕ್’ ಅಂತ ಒಂದೇ ಒಂದು ಸದ್ದು ಮಾಡತ್ತೆ. ಆ ಟಕ್ ಅನ್ನೋದೇ ಸ್ಪೈಕ್. ನರಕೋಶಗಳು ಒಂದಕ್ಕೊಂದು ಮಾತಾಡೋದು ಹೆಚ್ಚಾಗಿ ಈ ಟಕ್‌ಗಳಲ್ಲೇ. ಟಕ್ ದೊಡ್ಡದು, ಚಿಕ್ಕದು ಅಂತ ಇರಲ್ಲ. ಯಾವಾಗ ಬಂತು, ಎಷ್ಟು ಬೇಗ ಬೇಗ ಬಂತು ಅನ್ನೋದೇ ಸುದ್ದಿ.

ಕೋಡಿನಲ್ಲಿ ಇದು ಎರಡೇ ಸಾಲು. ಪ್ರತಿ ಹೆಜ್ಜೆಗೂ ಹಳೇ ಮಟ್ಟವನ್ನ 0.9ರಿಂದ ಗುಣಿಸಿ, ಅಂದರೆ ಶೇಕಡಾ 10 ಸೋರಿಸಿ, ಹೊಸ ಇನ್‌ಪುಟ್ ಕೂಡಿಸಬೇಕು. ಮಟ್ಟ 1 ದಾಟಿದ್ರೆ ಟಕ್, ಮತ್ತೆ ಸೊನ್ನೆ. ಪೇಪರ್ ಮೇಲೆ ಮಾಡಿ ನೋಡಿ. ಇನ್‌ಪುಟ್ 0.05 ಇದ್ದರೆ ಮಟ್ಟ 0.5ರ ಹತ್ತಿರ ಹೋಗಿ ನಿಂತುಬಿಡತ್ತೆ, ಎಷ್ಟು ಹೊತ್ತು ಕಾದರೂ ಟಕ್ ಬರಲ್ಲ. 0.2 ಕೊಟ್ಟರೆ ಏಳನೇ ಹೆಜ್ಜೆಗೆ ಬರತ್ತೆ. 0.5 ಕೊಟ್ಟರೆ ಮೂರನೇ ಹೆಜ್ಜೆಗೇ. ಮಬ್ಬು ಬೆಳಕಿಗೆ ಮೌನ, ಜೋರು ಬೆಳಕಿಗೆ ಪಟಪಟ. ಇಷ್ಟೇ.

ಎಡಗಣ್ಣಿಗೊಂದು, ಬಲಗಣ್ಣಿಗೊಂದು, ಎಡ ಮೋಟರಿಗೊಂದು, ಬಲ ಮೋಟರಿಗೊಂದು, ಒಟ್ಟು ನಾಲ್ಕು. ಕಣ್ಣಿನ ನರಕೋಶದಿಂದ ಮೋಟರಿನ ನರಕೋಶಕ್ಕೆ ತಂತಿ ಕತ್ತರಿಯ ಹಾಗೆ ಅಡ್ಡ ಹೋಗಬೇಕಿತ್ತು: ಎಡಗಣ್ಣು ಬಲ ಮೋಟರಿಗೆ, ಬಲಗಣ್ಣು ಎಡ ಮೋಟರಿಗೆ. ಆಗ ಎಡಗಡೆ ಬೆಳಕು ಬಿದ್ದರೆ ಬಲ ಚಕ್ರ ಜೋರಾಗಿ ತಿರುಗತ್ತೆ, ಗಾಡಿ ಎಡಕ್ಕೆ, ಅಂದರೆ ಬೆಳಕಿನ ಕಡೆಗೇ ತಿರುಗತ್ತೆ. ಎಕ್ಸ್‌ಪೋ ಹಿಂದಿನ ರಾತ್ರಿ ಎರಡು ಗಂಟೆಗೆ ಮೋಟರ್ ಡ್ರೈವರ್ ಸುಟ್ಟುಹೋಗಿ, ಬೇರೆಯದನ್ನ ಹಾಕುವಾಗ ಎಡ-ಬಲ ಅದಲುಬದಲಾಗಿತ್ತು. ಎಡಗಣ್ಣು ಎಡ ಮೋಟರಿಗೇ ಹೋಯ್ತು. ಅದಕ್ಕೇ ಓಡಿಹೋಗಿದ್ದು. ಅದಕ್ಕೆ ಹೆದರಿಕೆ ಬಂದಿರಲಿಲ್ಲ, ನಮಗೆ ನಿದ್ದೆ ಬಂದಿತ್ತು.

ಈ ಹೆದರಿಕೆಯ ತಮಾಷೆ ಮಾಡಿದವರಲ್ಲಿ ನಾವು ಮೊದಲಿಗರಲ್ಲ ಅಂತ ಆಮೇಲೆ ಗೊತ್ತಾಯ್ತು. ವಾಲೆಂಟಿನೋ ಬ್ರೈಟೆನ್‌ಬರ್ಗ್ ಅಂತ ಮೆದುಳಿನ ರಚನೆ ಓದುತ್ತಿದ್ದ ವಿಜ್ಞಾನಿ, ಜರ್ಮನಿಯ ಟ್ಯೂಬಿಂಗೆನ್‌ನಲ್ಲಿದ್ದವರು, 1984ರಲ್ಲಿ ‘ವೆಹಿಕಲ್ಸ್’ ಅನ್ನೋ ಸಣ್ಣ ಪುಸ್ತಕ ಬರೆದರು. ಅದರಲ್ಲಿ ಇರೋದು ಕಲ್ಪನೆಯ ಗಾಡಿಗಳು. ನೇರ ತಂತಿಯ ಗಾಡಿ ಬೆಳಕಿಂದ ದೂರ ಓಡತ್ತೆ, ಅದಕ್ಕೆ ಅವರು ಕೊಟ್ಟ ಹೆಸರು ಭಯ. ಅಡ್ಡ ತಂತಿಯದ್ದು ಬೆಳಕಿನ ಮೇಲೇ ನುಗ್ಗತ್ತೆ, ಅದು ಆಕ್ರಮಣ. ಬೆಳಕು ಹೆಚ್ಚಾದಂತೆ ಮೋಟರ್ ನಿಧಾನವಾಗೋ ಹಾಗೆ ಜೋಡಿಸಿದ್ರೆ ಗಾಡಿ ದೀಪದ ಹತ್ತಿರ ಬಂದು ಸುಮ್ಮನೆ ಅದನ್ನೇ ನೋಡ್ತಾ ನಿಲ್ಲತ್ತೆ, ಅದು ಪ್ರೀತಿ. ತಂತಿ ಹಾಕಿದವರಿಗೆ ಗೊತ್ತು ಒಳಗೆ ಏನೂ ಇಲ್ಲ ಅಂತ. ಹೊರಗೆ ನಿಂತು ನೋಡಿದವರು ಮಾತ್ರ ಆ ಹುಡುಗಿ ಥರ “ಅಯ್ಯೋ ಪಾಪ” ಅಂತಾರೆ. ಪೋಸ್ಟರಿನಲ್ಲಿ ‘ಯೋಚಿಸುವ’ ಅಂತ ಬರೆದ ನಾವೂ ಅದೇ ತಪ್ಪು ಮಾಡಿದ್ವಿ, ಅದೂ ತಂತಿ ಹಾಕಿದವರೇ ಆಗಿದ್ದು.

ಇದಕ್ಕೂ ಹಿಂದೆ, 1948-49ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಅನ್ನೋ ಮೆದುಳು ತಜ್ಞರು ಇಂಥ ಗಾಡಿಗಳನ್ನ ನಿಜವಾಗಲೂ ಕಟ್ಟಿಬಿಟ್ಟಿದ್ದರು. ಎಲ್ಮರ್, ಎಲ್ಸಿ ಅಂತ ಎರಡು ‘ಆಮೆ’ಗಳು. ಟ್ರಾನ್ಸಿಸ್ಟರ್ ಇನ್ನೂ ಅಂಗಡಿಗೆ ಬಂದಿರದ ಕಾಲ ಅದು. ಒಂದೊಂದರಲ್ಲೂ ಇದ್ದದ್ದು ಎರಡು ವಾಲ್ವ್, ಬೆಳಕಿಗೊಂದು ಸೆನ್ಸರ್, ಡಿಕ್ಕಿ ಗೊತ್ತಾಗೋಕೆ ಒಂದು ಸ್ವಿಚ್, ಎರಡು ಮೋಟರ್. ವಾಲ್ಟರ್ ಲೆಕ್ಕದಲ್ಲಿ ಎರಡು ವಾಲ್ವ್ ಅಂದರೆ ಎರಡು ನರಕೋಶ. ಬ್ಯಾಟರಿ ತುಂಬಿದ್ದಾಗ ಅವು ಜೋರು ಬೆಳಕಿನ ಹತ್ತಿರ ಬಂದು ಹಿಂದೆ ಸರೀತಿದ್ದವು, ಬ್ಯಾಟರಿ ಇಳಿದಾಗ ಅದೇ ಜೋರು ಬೆಳಕಿದ್ದ ಗೂಡಿನೊಳಗೆ ಚಾರ್ಜ್ ಆಗೋಕೆ ಹೋಗ್ತಿದ್ದವು. ‘ಬ್ಯಾಟರಿ ಕಡಿಮೆಯಾದರೆ ಮನೆಗೆ ಹೋಗು’ ಅಂತ ಎಲ್ಲೂ ಬರೆದಿರಲಿಲ್ಲ. ವೋಲ್ಟೇಜ್ ಇಳಿದಾಗ ಅದೇ ಸರ್ಕ್ಯೂಟಿನ ಸೂಕ್ಷ್ಮತೆ ಬದಲಾಗ್ತಿತ್ತು, ಅಷ್ಟೇ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಮಷೀನು ಇದು.

ಈಗ ಜಡ್ಜ್ ಪ್ರಶ್ನೆಗೆ ಬರೋಣ. ಅರ್ಧ ಅವರು ಹೇಳಿದ್ದು ಸರಿ. ನಾಲ್ಕು ನರಕೋಶದ ಮಟ್ಟದಲ್ಲಿ ಇಫ್-ಎಲ್ಸ್ ಸಾಕು. ನಮ್ಮ ರೋಬೋಟ್ ಟ್ಯೂಬ್‌ಲೈಟಿನ ಮಿನುಗಾಟಕ್ಕೆ ತತ್ತರಿಸಲಿಲ್ಲ, ಯಾಕಂದ್ರೆ ಸೋರುವ ಬಕೆಟ್ ಸೆಕೆಂಡಿಗೆ ನೂರು ಸಲದ ಆ ಏರಿಳಿತವನ್ನ ತಾನೇ ಸಮ ಮಾಡ್ತಿತ್ತು ಅಂತ ಆಮೇಲೆ ಖುಷಿಯಿಂದ ಕಂಡುಕೊಂಡೆ. ಅದಕ್ಕೆ ಒಂದು ಲೋ-ಪಾಸ್ ಫಿಲ್ಟರ್ ಸಾಕಿತ್ತಲ್ಲ ಅಂತ ಇಸಿ ಬ್ರಾಂಚಿನವರು ಕೇಳಬಹುದು. ಸಾಕಿತ್ತು. ಇನ್ನೊಂದು ಸಂಕಟ ಏನಂದ್ರೆ ಆರ್ಡುಯಿನೋ ಒಳಗೆ ನರಕೋಶ ಸುಮ್ಮನಿದ್ದಾಗಲೂ ಲೂಪ್ ಓಡ್ತಾನೇ ಇರತ್ತೆ. ಟಕ್ ಬರಲಿ ಬಿಡಲಿ, ಕರೆಂಟು ಖರ್ಚು ಅಷ್ಟೇ. ಮೆದುಳಿನ ವೇಷ ಹಾಕಿದ ಮಾಮೂಲಿ ಪ್ರೋಗ್ರಾಮ್ ಅದು.

ಆದರೆ ಅವರು ಕೇಳದೇ ಇದ್ದ ಇನ್ನರ್ಧ ಇದೆ. ನಮ್ಮ ಮೆದುಳು ಓಡೋದು ಸುಮಾರು 20 ವಾಟ್‌ನಲ್ಲಿ. ಹಾಸ್ಟೆಲ್ ರೂಮಿನ ಎಲ್‌ಇಡಿ ಟ್ಯೂಬೂ ಹೆಚ್ಚುಕಮ್ಮಿ ಅಷ್ಟೇ ಎಳೆಯೋದು. ಅಷ್ಟರಲ್ಲಿ ಸುಮಾರು 8,600 ಕೋಟಿ ನರಕೋಶಗಳು ಕೆಲಸ ಮಾಡ್ತವೆ. ಇದು ಸಾಧ್ಯವಾಗೋಕೆ ಒಂದು ಕಾರಣ, ಹೇಳೋಕೆ ಸುದ್ದಿ ಇದ್ದಾಗ ಮಾತ್ರ ಟಕ್ ಅನ್ನೋದು. ಇನ್ನೊಂದು, ನೆನಪು ಒಂದು ಕಡೆ, ಲೆಕ್ಕ ಮಾಡೋದು ಇನ್ನೊಂದು ಕಡೆ ಅಂತ ಅಲ್ಲಿಲ್ಲ. ನಮ್ಮ ಲ್ಯಾಪ್‌ಟಾಪಿನಲ್ಲಿ ಡೇಟಾ ರ‍್ಯಾಮ್‌ನಿಂದ ಪ್ರೊಸೆಸರಿಗೆ, ಅಲ್ಲಿಂದ ವಾಪಸ್ಸು, ಬಿಎಂಟಿಸಿ ಬಸ್ಸಿನ ಹಾಗೆ ದಿನವಿಡೀ ಓಡಾಡತ್ತೆ, ಕರೆಂಟು ಬಹಳ ಖರ್ಚಾಗೋದು ಅಲ್ಲೇ. ಈ ಎರಡು ಗುಣಗಳನ್ನ ಸಿಲಿಕಾನ್‌ನಲ್ಲೇ ತರೋಣ ಅಂತ 1980ರ ದಶಕದಲ್ಲಿ ಅಮೆರಿಕದ ಕ್ಯಾಲ್ಟೆಕ್‌ನ ಕಾರ್ವರ್ ಮೀಡ್ ಶುರು ಮಾಡಿದ ದಾರಿಗೆ ನ್ಯೂರೋಮಾರ್ಫಿಕ್ ಅಂತ ಹೆಸರು.

ಅವರ ವಿದ್ಯಾರ್ಥಿನಿ ಮಿಶಾ ಮಹೋವಾಲ್ಡ್ ಮಾಡಿದ್ದು ಸಿಲಿಕಾನ್ ರೆಟಿನಾ. ಅದರ ವಂಶದಲ್ಲಿ ಬಂದದ್ದು ಇವತ್ತಿನ ಇವೆಂಟ್ ಕ್ಯಾಮೆರಾ. ಮಾಮೂಲಿ ಕ್ಯಾಮೆರಾ ಸೆಕೆಂಡಿಗೆ 30 ಸಲ ಇಡೀ ಚಿತ್ರ ತೆಗೆಯತ್ತೆ, ಮುಂದೆ ಇರೋದು ಖಾಲಿ ಗೋಡೆ ಆದರೂ ಸರಿ. ಇವೆಂಟ್ ಕ್ಯಾಮೆರಾದಲ್ಲಿ ಫ್ರೇಮ್ ಅನ್ನೋದೇ ಇಲ್ಲ. ಪ್ರತಿ ಪಿಕ್ಸೆಲ್ಲೂ ತನ್ನ ಮೇಲೆ ಬೀಳೋ ಬೆಳಕು ಬದಲಾದಾಗ ಮಾತ್ರ, ತನ್ನಷ್ಟಕ್ಕೆ ತಾನು, ‘ಇಲ್ಲಿ ಹೆಚ್ಚಾಯ್ತು’ ಅಥವಾ ‘ಇಲ್ಲಿ ಕಮ್ಮಿಯಾಯ್ತು’ ಅಂತ ಟಕ್ ಕಳಿಸತ್ತೆ. ಗೋಡೆ ನೋಡುವಾಗ ಬಹುತೇಕ ಮೌನ. ಗೋಡೆ ಮುಂದೆ ಚೆಂಡು ಹಾದರೆ ಚೆಂಡಿನ ಅಂಚು ಮಾತ್ರ ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ವರದಿ. 2020ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದವರು ಇಂಥ ಕಣ್ಣಿಟ್ಟು, ತನ್ನ ಮೇಲೆ ಎಸೆದ ಚೆಂಡಿನಿಂದ ತಪ್ಪಿಸಿಕೊಳ್ಳೋ ಡ್ರೋನ್ ತೋರಿಸಿದರು. ನೋಡಿ ನಿರ್ಧಾರ ಮಾಡೋಕೆ ಅದಕ್ಕೆ ಬೇಕಾದದ್ದು 3.5 ಮಿಲಿಸೆಕೆಂಡ್. ಮಾಮೂಲಿ ಕ್ಯಾಮೆರಾದಲ್ಲಿ ಒಂದು ಫ್ರೇಮಿಂದ ಮುಂದಿನ ಫ್ರೇಮಿಗೇ 33 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಚೆಂಡು ಮೂಗಿಗೆ ಬಂದಿರತ್ತೆ. ಆದರೆ ಅಲ್ಲಿ ಮೆದುಳಿನ ಮಾದರಿಯದ್ದು ಕಣ್ಣು ಮಾತ್ರ, ಹಿಂದಿನ ಲೆಕ್ಕವೆಲ್ಲ ಮಾಮೂಲಿ ಕಂಪ್ಯೂಟರಿನದ್ದು. ಕಣ್ಣಿಂದ ಮೋಟರಿನ ಆಜ್ಞೆವರೆಗೂ ಟಕ್‌ಗಳಲ್ಲೇ ಓಡಿದ ಡ್ರೋನ್ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನವರದು, 2024ರಲ್ಲಿ ಪ್ರಕಟವಾಯ್ತು. ಇಂಟೆಲ್‌ನ ಲೋಯಿಹಿ ಚಿಪ್ ಮೇಲೆ ಸೆಕೆಂಡಿಗೆ 200 ಸಲ ಓಡುವ ನೆಟ್‌ವರ್ಕ್ ಅದು. ನೆಟ್‌ವರ್ಕ್ ಓಡಿಸೋಕೆ ಹೆಚ್ಚಾಗಿ ಬೇಕಾದದ್ದು 7ರಿಂದ 12 ಮಿಲಿವಾಟ್. ಈ ಸಂಖ್ಯೆ ನೋಡಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಆಮೇಲೆ ಅದೇ ವಾಕ್ಯದಲ್ಲಿ ಇನ್ನೊಂದು ಸಂಖ್ಯೆ ಕಾಣಿಸ್ತು: ಚಿಪ್ ಏನೂ ಮಾಡದೆ ಸುಮ್ಮನೆ ಆನ್ ಆಗಿರೋಕೇ 0.94 ವಾಟ್. ಮತ್ತೆ ಕೂತೆ. ಯಾರಾದ್ರೂ ಮಿಲಿವಾಟ್ ಲೆಕ್ಕ ಮಾತ್ರ ಹೇಳಿ ಹೊಗಳಿದ್ರೆ, ಆನ್ ಆಗಿರೋಕೆ ಎಷ್ಟು ಅಂತ ಕೇಳಿ.

ಕರೆಂಟಿನ ಮಾತು ಇರಲಿ. ಇಫ್-ಎಲ್ಸ್ ಪ್ರಶ್ನೆಗೆ ನನಗೆ ನಿಜವಾದ ಉತ್ತರ ಸಿಕ್ಕಿದ್ದು ಒಂದು ಹುಳದಲ್ಲಿ. ರಾತ್ರಿ ಹೊತ್ತು ಜಿರ್‌ ಜಿರ್‌ ಅಂತ ಕೂಗುವ ಜೀರುಂಡೆ, ಇಂಗ್ಲಿಷಿನಲ್ಲಿ ಕ್ರಿಕೆಟ್ ಅನ್ನೋದು. ಕೂಗೋದು ಗಂಡು. ಹೆಣ್ಣು ಆ ಕತ್ತಲಲ್ಲಿ, ಹುಲ್ಲಿನ ನಡುವೆ, ಸದ್ದು ಬರೋ ಕಡೆಗೆ ನಡೆದು ಹೋಗತ್ತೆ. ಹೇಗೆ? ನಾವಾದ್ರೆ ಎರಡು ಕಿವಿಗೆ ಬರೋ ಸದ್ದಿನ ವ್ಯತ್ಯಾಸ ಅಳೀತೀವಿ. ಆದರೆ ಜೀರುಂಡೆಯ ಕಿವಿ ಇರೋದು ಮುಂಗಾಲಿನ ಮೇಲೆ, ಎರಡರ ಮಧ್ಯೆ ಒಂದೆರಡು ಸೆಂಟಿಮೀಟರ್. ಒಂದು ಸೆಂಟಿಮೀಟರ್ ದಾಟೋಕೆ ಶಬ್ದಕ್ಕೆ ಬೇಕಾಗೋದು ಸುಮಾರು 29 ಮೈಕ್ರೋಸೆಕೆಂಡ್. ನಮ್ಮ ಆರ್ಡುಯಿನೋ ಒಂದು ಅನಲಾಗ್ ಪಿನ್ ಓದೋಕೇ ಸುಮಾರು 100 ಮೈಕ್ರೋಸೆಕೆಂಡ್ ತಗೊಳ್ಳತ್ತೆ. ಇಫ್ ಬರೆಯೋ ಮೊದಲೇ ಸದ್ದು ಹೋಗಿರತ್ತೆ.

ಜೀರುಂಡೆ ಅಳೆಯೋಕೇ ಹೋಗಲ್ಲ. ಅದರ ಎರಡೂ ಕಿವಿಗಳನ್ನ ದೇಹದ ಒಳಗೆ ಒಂದು ಗಾಳಿ ಕೊಳವೆ ಜೋಡಿಸಿದೆ. ಕಿವಿಯ ತಮಟೆ ಮೇಲೆ ಹೊರಗಿಂದ ಒಂದು ಒತ್ತಡ, ಎದುರು ಕಿವಿಯಿಂದ ಕೊಳವೆ ಮೂಲಕ ತಡವಾಗಿ ಬಂದ ಇನ್ನೊಂದು ಒತ್ತಡ ಒಳಗಿಂದ. ತಮಟೆ ಅಲುಗೋದು ಇವೆರಡರ ವ್ಯತ್ಯಾಸಕ್ಕೆ. ಸದ್ದು ಎಡಗಡೆಯಿಂದ ಬಂದರೆ ಎಡ ತಮಟೆಯಲ್ಲಿ ಎರಡೂ ಒಂದಕ್ಕೊಂದು ಸಹಾಯ ಮಾಡ್ತವೆ, ಬಲ ತಮಟೆಯಲ್ಲಿ ಒಂದನ್ನೊಂದು ಅಳಿಸಿಹಾಕ್ತವೆ. ಇನ್ನೂ ಮಜಾ ಏನಂದ್ರೆ, ಕೊಳವೆಯ ಈ ಲೆಕ್ಕ ಸರಿಯಾಗಿ ಕೂಡಿಬರೋದು ಗಂಡಿನ ಹಾಡಿನ ಆವರ್ತನಕ್ಕೆ, ಹೆಚ್ಚುಕಮ್ಮಿ 5 ಕಿಲೋಹರ್ಟ್ಜ್‌ಗೆ. ಅಂದರೆ ದಿಕ್ಕು ಕಂಡುಹಿಡಿಯೋದೂ ಬೇರೆ ಸದ್ದನ್ನ ಸೋಸೋದೂ ಎರಡೂ ಒಂದು ಕೊಳವೆಯಲ್ಲೇ ಮುಗಿದುಹೋಯ್ತು. ಮೆದುಳಿಗೆ ಉಳಿದ ಕೆಲಸ, ಯಾವ ಕಡೆಯ ನರಕೋಶ ಮೊದಲು ಟಕ್ ಅಂತೋ ಆ ಕಡೆಗೆ ತಿರುಗೋದು.

ಎಡಿನ್‌ಬರೋದ ಬಾರ್ಬರಾ ವೆಬ್ 1990ರ ದಶಕದಲ್ಲಿ ಇದು ನಿಜವಾ ಅಂತ ನೋಡೋಕೆ ಒಂದು ರೋಬೋಟನ್ನೇ ಕಟ್ಟಿದರು. ಎರಡು ಮೈಕ್, ಅವುಗಳ ಮಧ್ಯೆ ಕಾಲು ತರಂಗದಷ್ಟು ದೂರ, ಕೊಳವೆಯ ಬದಲು ಒಂದು ಕಡೆಯ ಸದ್ದನ್ನ ತಡಮಾಡಿ ಇನ್ನೊಂದರಿಂದ ಕಳೆಯೋ ಸರ್ಕ್ಯೂಟ್, ಹಿಂದೆ ಕೆಲವೇ ಕೆಲವು ನರಕೋಶ. ರೋಬೋಟ್ ಜೀರುಂಡೆ ಹಾಡು ಬರೋ ಸ್ಪೀಕರ್ ಹುಡುಕಿಕೊಂಡು ಹೋಯ್ತು. ಹಾಡನ್ನ ‘ಗುರುತಿಸೋದು’ ಒಂದು ಭಾಗ, ‘ದಿಕ್ಕು ಹುಡುಕೋದು’ ಇನ್ನೊಂದು ಭಾಗ ಅಂತ ಬೇರೆ ಬೇರೆ ಕಟ್ಟಬೇಕು ಅಂತ ಯಾರಾದ್ರೂ ಅಂದುಕೊಳ್ತಾರೆ. ರೋಬೋಟಿಗೆ ಹಾಗೆ ಬೇಕಾಗಲಿಲ್ಲ. ಇಲ್ಲಿ ರೋಬೋಟ್ ಬಳಕೆಗೆ ಮಾಡಿದ ಮಷೀನಲ್ಲ, ಜೀವಶಾಸ್ತ್ರದ ಒಂದು ಪ್ರಶ್ನೆಯನ್ನ ನೆಲದ ಮೇಲೆ ಓಡಿಸಿ ಪರೀಕ್ಷೆ ಮಾಡಿದ್ದು.

ಇದೇ ಥರದ ಮಾತು ನಮ್ಮ ಬೆಂಗಳೂರಿನಿಂದಲೂ ಬಂದಿದೆ. ನೊಣಕ್ಕೆ ಹಿಂದಿನ ರೆಕ್ಕೆಗಳ ಜಾಗದಲ್ಲಿ ಹಾಲ್ಟಿಯರ್ ಅನ್ನೋ ಎರಡು ಪುಟ್ಟ ಗುಂಡು ಕಡ್ಡಿಗಳಿರುತ್ತವೆ, ನಮ್ಮ ಫೋನಿನ ಗೈರೋ ಇದ್ದ ಹಾಗೆ. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಬಡಿಯೋ ರೆಕ್ಕೆಗೆ ಸರಿಯಾಗಿ ಅವೂ ಬಡೀಬೇಕು. ಇಷ್ಟು ವೇಗದಲ್ಲಿ ನರಗಳು ತಾಳ ಹಾಕೋದು ಕಷ್ಟ. ಜಿಕೆವಿಕೆ ಕ್ಯಾಂಪಸ್ಸಿನ ಎನ್‌ಸಿಬಿಎಸ್‌ನಲ್ಲಿ ಸಂಜಯ್ ಸಾನೆ ಅವರ ತಂಡ 2015ರಲ್ಲಿ ತೋರಿಸಿದ್ದು, ಆ ತಾಳ ಇರೋದು ನರದಲ್ಲಲ್ಲ, ನೊಣದ ಎದೆಗೂಡಿನ ಯಾಂತ್ರಿಕ ಜೋಡಣೆಯಲ್ಲಿ ಅಂತ. ಮೆಕ್ಯಾನಿಕಲ್ ಬ್ರಾಂಚಿನ ಗೆಳೆಯರು ಇದನ್ನ ಕೇಳಿ ಎರಡು ದಿನ ಕಾಲರ್ ಎತ್ತಿಕೊಂಡು ಓಡಾಡಿದರು.

ಇಷ್ಟು ಓದಿದ ಮೇಲೆ ‘ಮೆದುಳನ್ನ ರೋಬೋಟಿಗೆ ಹಾಕಿದರು’ ಅನ್ನೋ ವೀಡಿಯೋ ಟೈಟಲ್‌ಗಳ ಮೇಲೆ ನನಗೆ ಅನುಮಾನ ಜಾಸ್ತಿಯಾಗಿದೆ. ಸಿ. ಎಲಿಗನ್ಸ್ ಅನ್ನೋ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ 302 ನರಕೋಶ ಇವೆ, ಯಾವುದು ಯಾವುದಕ್ಕೆ ಜೋಡಿಸಿದೆ ಅನ್ನೋ ನಕ್ಷೆ 1986ರಲ್ಲೇ ಬಂತು. 2014ರಲ್ಲಿ ಆ ನಕ್ಷೆಯನ್ನ ಪ್ರೋಗ್ರಾಮ್ ಮಾಡಿ ಲೆಗೋ ಗಾಡಿಗೆ ಜೋಡಿಸಿದಾಗ ಅದು ಗೋಡೆ ಹತ್ತಿರ ಹೋಗಿ ಹಿಂದೆ ಸರಿಯಿತು. ಚೆಂದವೇ. ಆದರೆ ನಕ್ಷೆ ಹೇಳೋದು ತಂತಿ ಎಲ್ಲಿಂದ ಎಲ್ಲಿಗೆ ಅಂತ, ಯಾವ ತಂತಿ ಎಷ್ಟು ಬಲ ಅಂತ ಅಲ್ಲ. ಹಿಂದೆ ಸರಿಯೋದನ್ನ ಬ್ರೈಟೆನ್‌ಬರ್ಗ್ ಗಾಡಿ ಎರಡು ತಂತಿಯಲ್ಲಿ ಮಾಡತ್ತೆ. 2008ರಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಇಲಿಯ ಜೀವಂತ ನರಕೋಶಗಳನ್ನ ತಟ್ಟೆಯಲ್ಲಿ ಬೆಳೆಸಿ, ಎಲೆಕ್ಟ್ರೋಡ್ ಮತ್ತು ಬ್ಲೂಟೂತ್ ಮೂಲಕ ಒಂದು ಪುಟ್ಟ ರೋಬೋಟ್ ಓಡಿಸಿದ್ದೂ ಇದೆ. ಅದನ್ನ ಓದುವಾಗ ನನಗೆ ಸ್ವಲ್ಪ ಹೊಟ್ಟೆ ತೊಳಸಿದ ಹಾಗಾಯ್ತು, ಅಷ್ಟು ಹೇಳಿ ಮುಂದೆ ಹೋಗ್ತೀನಿ.

ಉಪಯೋಗ ಏನು ಅಂತ ಅಪ್ಪ ಫೋನಿನಲ್ಲಿ ಕೇಳಿದರು. ಅಪ್ಪಂದಿರು ಕೇಳೋ ಪ್ರಶ್ನೆಯೇ ಅದು. ನಾನು ಹೇಳಿದ್ದು ಕೃತಕ ಕೈಯ ಕಥೆ. ಕೈ ಕಳೆದುಕೊಂಡವರಿಗೆ ಹಾಕುವ ಕೈಯಲ್ಲಿ ಮೋಟರ್ ಇರತ್ತೆ, ಸ್ಪರ್ಶ ಇರಲ್ಲ. ಮೊಟ್ಟೆ ಹಿಡಿದಿದ್ದೀನಾ, ಕಲ್ಲು ಹಿಡಿದಿದ್ದೀನಾ ಅಂತ ಕಣ್ಣಲ್ಲೇ ನೋಡಬೇಕು. 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನವರು ಬೆರಳ ತುದಿಗೆ ಸೆನ್ಸರ್ ಪದರ ಹಾಕಿ, ಅದರ ಒತ್ತಡವನ್ನ ನರದ ಭಾಷೆಗೆ, ಅಂದರೆ ಟಕ್‌ಗಳಿಗೆ ಬದಲಾಯಿಸಿ, ಉಳಿದ ತೋಳಿನ ನರಕ್ಕೆ ಸಣ್ಣ ವಿದ್ಯುತ್ ಮಿಡಿತವಾಗಿ ಕೊಟ್ಟರು. ಹಾಕಿಕೊಂಡವರಿಗೆ ದುಂಡಗಿನದ್ದು, ಚೂಪಾದದ್ದು ಬೇರೆ ಬೇರೆ ಅಂತ ಗೊತ್ತಾಯ್ತು. ಚೂಪಾದದ್ದು ತಗುಲಿದರೆ ಕೈ ತಾನಾಗಿ ಬಿಟ್ಟುಬಿಡೋ ಹಾಗೂ ಮಾಡಿದ್ದರು, ಬಿಸಿ ಪಾತ್ರೆ ಮುಟ್ಟಿದಾಗ ನಾವು ಕೈ ಎಳೆದುಕೊಳ್ಳಲ್ವಾ, ಹಾಗೆ. ಇಲ್ಲಿ ‘ಮೆದುಳಿನ ಮಾದರಿ’ ಅನ್ನೋದು ಪೋಸ್ಟರಿಗೆ ಹಾಕಿದ ಅಲಂಕಾರ ಅಲ್ಲ. ಎದುರಿಗಿರೋ ನರಕ್ಕೆ ಬೇರೆ ಭಾಷೆ ಬರಲ್ಲ, ಹಾಗಾಗಿ ಟಕ್‌ನಲ್ಲೇ ಮಾತಾಡಬೇಕು. ಜಡ್ಜ್ ಮತ್ತೆ ಸಿಕ್ಕಿದ್ರೆ ನಾನು ಮೊದಲು ಹೇಳೋದು ಇದನ್ನೇ.

ಕುಸಿದ ಕಟ್ಟಡದ ಸಂದಿಯೊಳಗೆ ನುಗ್ಗಬೇಕಾದ ಅಂಗೈಯಗಲದ ಡ್ರೋನಿನದ್ದೂ ಹೀಗೇ. ದೊಡ್ಡ ಬ್ಯಾಟರಿ ಹೊರೋಕಾಗಲ್ಲ, ಒಳಗೆ ನೆಟ್‌ವರ್ಕ್ ಸಿಗಲ್ಲ, ಲೆಕ್ಕ ಎಲ್ಲಾ ತನ್ನ ತಲೆಯಲ್ಲೇ ಆಗಬೇಕು. ನಮ್ಮ ಐಐಎಸ್‌ಸಿಯಲ್ಲಿ ಚೇತನ್ ಸಿಂಗ್ ಠಾಕೂರ್ ಅವರ ಲ್ಯಾಬ್ ನ್ಯೂರೋಮಾರ್ಫಿಕ್ ಸರ್ಕ್ಯೂಟುಗಳ ಮೇಲೆ ಕೆಲಸ ಮಾಡ್ತಿದೆ. ಅಲ್ಲಿಯದೇ ಇನ್ನೊಂದು ತಂಡ 2024ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದ ಸಾಧನದಲ್ಲಿ ಅಣುಗಳ ಒಂದು ತೆಳು ಪದರ 16,500 ಬೇರೆ ಬೇರೆ ಸ್ಥಿತಿಗಳನ್ನ ನೆನಪಿಡತ್ತೆ, ನೆನಪಿಟ್ಟ ಜಾಗದಲ್ಲೇ ಲೆಕ್ಕವನ್ನೂ ಮಾಡತ್ತೆ. ಮಾಮೂಲಿ ಬಿಟ್ ನೆನಪಿಡೋದು ಎರಡು ಸ್ಥಿತಿ ಮಾತ್ರ. ಅದು ರೋಬೋಟ್ ಓಡಿಸಿದ ಪ್ರಯೋಗ ಅಲ್ಲ. ಆದರೆ ಯಶವಂತಪುರದ ಹತ್ತಿರ ಬಸ್ಸಿನಲ್ಲಿ ಹೋಗುವಾಗ ಆ ಕಾಂಪೌಂಡ್ ಗೋಡೆಯನ್ನ ನಾನು ಈಗ ಬೇರೆ ಥರ ನೋಡ್ತೀನಿ.

ಈ ಸೆಮಿಸ್ಟರ್ ನಾವಿಬ್ಬರೂ ಎಲ್‌ಡಿಆರ್ ಕಿತ್ತು ಎರಡು ಮೈಕ್ ಹಾಕಿದ್ದೀವಿ, 1.8 ಸೆಂಟಿಮೀಟರ್ ದೂರದಲ್ಲಿ, ಜೀರುಂಡೆ ಲೆಕ್ಕದಲ್ಲೇ. ತಡಮಾಡಿ ಕಳೆಯೋ ಕೆಲಸ ಆರ್ಡುಯಿನೋಗೆ ಕೊಡದೆ ಆಪ್-ಆಂಪ್‌ಗೆ ಕೊಟ್ಟಿದ್ದೀವಿ. ಸದ್ಯಕ್ಕೆ ಅದು ಫೋನಿನಲ್ಲಿ ಹಾಕಿದ ಜೀರುಂಡೆ ಹಾಡನ್ನ ಬಿಟ್ಟು ರೂಮಿನ ಫ್ಯಾನ್ ಕಿರ್ ಅನ್ನೋ ಕಡೆಗೆ ಹೋಗ್ತಿದೆ. ಫಿಲ್ಟರ್ ಮೌಲ್ಯ ಬದಲಾಯಿಸಿ ನೋಡ್ತಾ ಇದ್ದೀವಿ. ಪೋಸ್ಟರಿನ ಹೆಸರು ಮಾತ್ರ ಆಗಲೇ ನಿರ್ಧಾರ ಆಗಿದೆ, ಈ ಲೇಖನದ ಮೇಲೆ ಇರೋದೇ.